ಒಂದು ತಟ್ಟೆ ರೇಷ್ಮೆ ಹುಳ, ಇಪ್ಪತ್ತು ಮಕ್ಕಳು: ವಸಂತದ ತಿಂಗಳಿಗೆ ಒಂದು ಅಧ್ಯಯನ ಟಿಪ್ಪಣಿ

ನರ್ಸರಿ ಟೀಚರ್ ತರಬೇತಿಯಲ್ಲಿರುವ ಗೆಳತಿಯರಿಗೆ, ಗೆಳೆಯರಿಗೆ ಈ ಟಿಪ್ಪಣಿ. ‘ಪರಿಸರ ಮತ್ತು ಪ್ರಾಣಿಗಳು’ ಅನ್ನುವ ಪಾಠ ಬಂದ ಕೂಡಲೇ ನಾವೆಲ್ಲ ಚಾರ್ಟ್ ಬರೆಯಲು ಕೂರುತ್ತೇವೆ. ಒಂದು ಕಡೆ ಕಾಡುಪ್ರಾಣಿ, ಇನ್ನೊಂದು ಕಡೆ ಸಾಕುಪ್ರಾಣಿ. ಮಕ್ಕಳು ಎರಡೇ ದಿನಕ್ಕೆ ಎಲ್ಲ ಹೆಸರನ್ನೂ ಒಪ್ಪಿಸುತ್ತಾರೆ. ಹೊರಗೆ ಹೊಂಗೆ ಚಿಗುರಿರುತ್ತದೆ, ಬೇವು ಹೂ ಬಿಟ್ಟಿರುತ್ತದೆ, ಕರಿಬೇವಿನ ಗಿಡದ ಸುತ್ತ ಚಿಟ್ಟೆ ಸುತ್ತುತ್ತಿರುತ್ತದೆ. ನಾವು ಮಾತ್ರ ಒಳಗೆ ಚಾರ್ಟ್ ತೋರಿಸುತ್ತಿರುತ್ತೇವೆ.

ಅಭ್ಯಾಸ ಪಾಠದ ದಿನಗಳಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ. ವಸಂತದಲ್ಲಿ ಮಕ್ಕಳಿಗೆ ನಲವತ್ತು ಪ್ರಾಣಿಗಳ ಹೆಸರು ಕಲಿಸುವ ಬದಲು, ಒಂದೇ ಒಂದು ಪ್ರಾಣಿಯನ್ನು ಅವರ ಜೊತೆ ಕೂತು ಒಂದು ತಿಂಗಳು ಸಾಕಿ.

ಓದಿದ್ದರಲ್ಲಿ ಇದಕ್ಕೆ ಏನು ಆಧಾರ?

ಮನಶ್ಶಾಸ್ತ್ರಜ್ಞ ಪಿಯಾಜೆ 2ರಿಂದ 7 ವರ್ಷದ ಮಕ್ಕಳ ಬಗ್ಗೆ ಹೇಳಿದ್ದು ನೆನಪಿದೆ ಅಲ್ವಾ? ಈ ವಯಸ್ಸಿನಲ್ಲಿ ಚಲಿಸುವುದಕ್ಕೆಲ್ಲ ಜೀವ ಇದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಸೂರ್ಯನಿಗೆ ಜೀವ ಇದೆ, ಮೋಡಕ್ಕೆ ಇದೆ, ಸೈಕಲ್ಲಿಗೂ ಇದೆ. ಪರೀಕ್ಷೆಗೆ ನಾವು ಇದನ್ನು ‘ಅನಿಮಿಸಂ’ ಅಂತ ಬರೆದು ಮುಂದೆ ಹೋಗುತ್ತೇವೆ. ಆದರೆ ಅದನ್ನು ಮಾತಿನಲ್ಲಿ ತಿದ್ದಲು ಆಗುವುದಿಲ್ಲ. ಜೀವ ಇರುವುದು ತಿನ್ನುತ್ತದೆ, ಬೆಳೆಯುತ್ತದೆ, ಸಾಯುತ್ತದೆ ಅನ್ನುವುದನ್ನು ಮಗು ಕಣ್ಣಾರೆ ನೋಡಬೇಕು.

ಜಪಾನಿನ ಸಂಶೋಧಕಿ ಕಯೊಕೊ ಇನಾಗಾಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿದ ಮಕ್ಕಳನ್ನೂ ಸಾಕದ ಮಕ್ಕಳನ್ನೂ ಅವರು ಹೋಲಿಸಿ ನೋಡಿದರು. ಸಾಕಿದವರಿಗೆ ಮೀನಿನ ಬಗ್ಗೆ ಜಾಸ್ತಿ ಗೊತ್ತಿತ್ತು, ಅದರಲ್ಲಿ ಆಶ್ಚರ್ಯ ಇಲ್ಲ. ಮುಖ್ಯವಾದದ್ದು ಮುಂದೆ ಇದೆ. ಮರಿ ಕಪ್ಪೆಯನ್ನು ಯಾವಾಗಲೂ ಅಷ್ಟೇ ಚಿಕ್ಕದಾಗಿ ಇಟ್ಟುಕೊಳ್ಳಬಹುದಾ ಅಂತ ಕೇಳಿದಾಗ, ಮೀನು ಸಾಕಿದ ಮಕ್ಕಳು ‘ಆಗಲ್ಲ, ನಮ್ಮ ಮೀನು ಬೆಳೆದ ಹಾಗೆ ಕಪ್ಪೆಯೂ ಬೆಳೆಯುತ್ತದೆ’ ಅನ್ನುವ ರೀತಿಯಲ್ಲಿ ಯೋಚಿಸಿದರು. ತಾವು ಸಾಕದ ಪ್ರಾಣಿಯನ್ನೂ ಸಾಕಿದ ಪ್ರಾಣಿಯ ಮೂಲಕ ಅರ್ಥ ಮಾಡಿಕೊಂಡರು. ಒಂದೇ ಪ್ರಾಣಿ ಸಾಕು ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಯಾವ ಪ್ರಾಣಿ?

ನಮ್ಮ ಕಡೆ ರೇಷ್ಮೆ ಹುಳಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ. ಕಚ್ಚುವುದಿಲ್ಲ, ಓಡುವುದಿಲ್ಲ, ತಟ್ಟೆ ಬಿಟ್ಟು ದೂರ ಹೋಗುವುದಿಲ್ಲ. ರಾಮನಗರ, ಶಿಡ್ಲಘಟ್ಟದ ಸುತ್ತಮುತ್ತಲಿನ ಎಷ್ಟೋ ಮಕ್ಕಳ ಮನೆಯಲ್ಲೇ ಹುಳ ಸಾಕುತ್ತಾರೆ. ಅಂಥ ಮಗು ತರಗತಿಯಲ್ಲಿದ್ದರೆ ಅವತ್ತು ಅದೇ ಟೀಚರ್.

ರೇಷ್ಮೆ ಹುಳ ತಿನ್ನುವ ಹಿಪ್ಪುನೇರಳೆ ಸೊಪ್ಪು ಸಿಗದ ಊರಿನಲ್ಲಿ ಕರಿಬೇವು ಅಥವಾ ನಿಂಬೆ ಗಿಡದ ಮೇಲಿನ ಚಿಟ್ಟೆಯ ಹುಳ ನೋಡಿ. ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯ ಹಾಗೆ ಇರುತ್ತದೆ, ಆಮೇಲೆ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಹೊರಗೆ ಚಾಚುತ್ತದೆ. ಎಕ್ಕದ ಗಿಡದ ಹುಳ ಎಷ್ಟೇ ಚೆಂದ ಇದ್ದರೂ ತರಬೇಡಿ, ಎಕ್ಕದ ಹಾಲು ಮಕ್ಕಳ ಕಣ್ಣಿಗೆ ಬಿದ್ದರೆ ಅಪಾಯ. ಮೈತುಂಬ ಕೂದಲಿರುವ ಕಂಬಳಿಹುಳವನ್ನು ಮುಟ್ಟಬಾರದು ಅನ್ನುವುದನ್ನು ಮೊದಲ ದಿನವೇ ಕಲಿಸಿ. ‘ಕೂದಲು ಇದ್ದರೆ ಕೈ ಹಿಂದೆ’ ಅಂತ ನಾನು ಹೇಳಿಕೊಟ್ಟೆ. ಮಕ್ಕಳು ಅದನ್ನು ಹಾಡು ಮಾಡಿಕೊಂಡರು.

ತಯಾರಿ

ಮೊಟ್ಟೆಯಿಂದ ಶುರು ಮಾಡಬೇಡಿ. ಎರಡನೇ ಜ್ವರ ಮುಗಿದ, ಅಂದರೆ ಎರಡು ಸಲ ಪೊರೆ ಬಿಟ್ಟ ಚಾಕಿ ಹುಳ (ಮರಿ ಹುಳ) ತನ್ನಿ. ಇಪ್ಪತ್ತು ಮಕ್ಕಳಿಗೆ ಮೂವತ್ತು ಹುಳ ಸಾಕು. ಸೊಪ್ಪು ಒದ್ದೆ ಇರಬಾರದು. ಹುಳಕ್ಕೆ 25 ಡಿಗ್ರಿ ಆಸುಪಾಸಿನ ತಂಪು ಹಿತ. ಮಾರ್ಚ್ ಮಧ್ಯಾಹ್ನದ ಬಿಸಿಲಿಗೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದರೆ ಆಯಿತು. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ, ಇರುವೆ ಹತ್ತುವುದಿಲ್ಲ. ಮೇಲೆ ಸೊಳ್ಳೆಪರದೆಯ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಹುಳದ ಮೈಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ, ಹಲ್ಲಿ ಬರುತ್ತವೆ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಎರಡೂ ಬೇಡ.

ಮಕ್ಕಳು ಏನು ನೋಡುತ್ತಾರೆ?

ಮೊದಲ ದಿನ ಮುಟ್ಟಲು ಹೆದರುತ್ತಾರೆ. ಒತ್ತಾಯ ಮಾಡಬೇಡಿ. ಎಲೆ ಹಿಡಿದುಕೊಳ್ಳಲಿ, ಹುಳ ತಾನೇ ಎಲೆಗೆ ಹತ್ತಿಕೊಳ್ಳುತ್ತದೆ. ಮುಟ್ಟುವ ಮೊದಲು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮೊದಲು ತೊಳೆಯುವುದು ಹುಳಕ್ಕೋಸ್ಕರ, ಆಮೇಲೆ ತೊಳೆಯುವುದು ನಮಗೋಸ್ಕರ ಅಂತ ಹೇಳಿದರೆ ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಹುಳ ಪೊರೆ ಬಿಡುವ ಸಮಯಕ್ಕೆ ರೈತರು ‘ಜ್ವರ’ ಅನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ಹುಳ ತಿನ್ನುವುದು ಬಿಟ್ಟು ತಲೆ ಎತ್ತಿ ಒಂದು ದಿನ ಅಲ್ಲಾಡದೆ ನಿಲ್ಲುತ್ತದೆ. ನಾನು ‘ಹುಳಕ್ಕೆ ಜ್ವರ ಬಂದಿದೆ’ ಅಂದುಬಿಟ್ಟೆ. ಒಬ್ಬಳು ಪುಟ್ಟ ಹುಡುಗಿ ತನ್ನ ಕರ್ಚೀಫು ತಂದು ತಟ್ಟೆಗೆ ಹೊದಿಸಿದಳು. ‘ಸಿರಪ್ ಕೊಡ್ಬೇಕಾ ಮಿಸ್?’ ಅಂತ ಕೇಳಿದಳು. ಮಾರನೇ ದಿನ ಸುಕ್ಕಾದ ಪೊರೆಯನ್ನು ಅಂಗೈ ಮೇಲೆ ಇಟ್ಟಾಗ ಅದನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ತನ್ನ ಅಂಗಿಯ ತೋಳು ಎಳೆದು, ‘ಇದು ಚಿಕ್ಕದಾಯ್ತು ಅದಕ್ಕೆ’ ಅಂದಳು. ವೀಕ್ಷಣಾ ಪುಸ್ತಕದಲ್ಲಿ ಬರೆಯಬೇಕಾದದ್ದು ಇಂಥ ಮಾತನ್ನೇ. ‘ಮಗು ಆಸಕ್ತಿಯಿಂದ ಭಾಗವಹಿಸಿತು’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ನಾಲ್ಕನೇ ಜ್ವರ ಆದ ಮೇಲೆ ಹಬ್ಬ. ಹುಳ ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕೂ ಜಾಸ್ತಿ ಈ ಏಳೆಂಟು ದಿನದಲ್ಲೇ ತಿನ್ನುತ್ತದೆ. ಕಣ್ಣು ಮುಚ್ಚಿ ಕೇಳಿಸಿಕೊಳ್ಳಲು ಹೇಳಿ, ಒಣಗಿದ ಎಲೆ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಈಗ ಹುಳ ಹೆಚ್ಚುಕಡಿಮೆ ಮಗುವಿನ ಬೆರಳಿನಷ್ಟು ಉದ್ದ. ಬೆನ್ನಿನ ಮೇಲೆ, ಬಾಲದ ಕಡೆ ಭೂತಗನ್ನಡಿ ಹಿಡಿದರೆ ಚರ್ಮದ ಕೆಳಗೆ ಒಂದು ಗೆರೆ ಮಿಡಿಯುವುದು ಕಾಣುತ್ತದೆ. ಅದು ಅದರ ಹೃದಯ. ಪಕ್ಕದಲ್ಲಿ ಸಾಲಾಗಿರುವ ಕಪ್ಪು ಚುಕ್ಕೆಗಳು ಉಸಿರಾಡುವ ರಂಧ್ರ. ಮಕ್ಕಳು ಒಂದು ಕೈ ತಮ್ಮ ಎದೆ ಮೇಲೆ ಇಟ್ಟುಕೊಂಡೇ ಆ ಗೆರೆ ನೋಡಿದರು, ನಾನು ಹೇಳಿಕೊಟ್ಟಿರಲಿಲ್ಲ.

ಸಾವಿನ ಮಾತು

ಒಂದು ಸೋಮವಾರ ಬೇರೆ ತೋಟದ ಸೊಪ್ಪು ತಂದೆ. ಔಷಧಿ ಹೊಡೆದಿದ್ದಾರಾ ಅಂತ ಕೇಳಲಿಲ್ಲ. ಮಾರನೇ ಬೆಳಗ್ಗೆ ನೋಡಿದರೆ ಹನ್ನೊಂದು ಹುಳ ಹಸಿರು ನೀರು ಕಕ್ಕಿ, ಮೈ ಮುದುಡಿ ಸತ್ತಿದ್ದವು. ಮಕ್ಕಳು ಬರುವ ಮೊದಲೇ ನಾನೂ ಆಯಮ್ಮನೂ ಅವನ್ನು ತೆಗೆದುಬಿಟ್ಟೆವು. ಮಕ್ಕಳು ಬಂದವರೇ ಎಣಿಸಿದರು. ‘ಹತ್ತೊಂಬತ್ತೇ ಇವೆ ಮಿಸ್. ಉಳಿದದ್ದು ಎಲ್ಲಿ?’

ನಾನು ಬಚ್ಚಿಟ್ಟದ್ದು ತಪ್ಪು. ನಿಜ ಹೇಳಿದೆ: ಸೊಪ್ಪಿನಲ್ಲಿ ವಿಷ ಇತ್ತು, ನನಗೆ ಗೊತ್ತಿರಲಿಲ್ಲ, ಅವು ಸತ್ತುಹೋದವು. ಕೆಲವರು ಅತ್ತರು. ನುಗ್ಗೆ ಮರದ ಕೆಳಗೆ ಗುಂಡಿ ತೋಡಿ ಎಲ್ಲರೂ ಸೇರಿ ಮಣ್ಣು ಮಾಡಿದೆವು. ‘ಮಲಗಿವೆ’, ‘ದೇವರ ಹತ್ತಿರ ಹೋದವು’ ಅಂತ ಹೇಳಬೇಡಿ. ಮಲಗಿದ್ದು ಏಳಬೇಕಲ್ಲ ಅಂತ ಮಗು ಕಾಯುತ್ತದೆ.

ಇನ್ನೊಂದು ಕಷ್ಟದ ಪ್ರಶ್ನೆ ಗೂಡು ಕಟ್ಟಿದ ಮೇಲೆ ಬರುತ್ತದೆ. ಹಣ್ಣಾದ, ಅಂದರೆ ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಚಂದ್ರಿಕೆಗೆ (ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆಗೆ) ಬಿಟ್ಟರೆ ತಲೆ ಆಡಿಸುತ್ತಾ ಎರಡು ಮೂರು ದಿನದಲ್ಲಿ ಗೂಡು ಮುಗಿಸುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ. ಆ ಎಳೆ ಬಿಚ್ಚಲು ಗೂಡನ್ನು ಬಿಸಿನೀರಲ್ಲಿ ಬೇಯಿಸುತ್ತಾರೆ, ಒಳಗಿನ ಜೀವ ಉಳಿಯುವುದಿಲ್ಲ. ನಾಲ್ಕು ವರ್ಷದವರಿಗೆ ಇದನ್ನು ನಾವಾಗಿ ಎತ್ತಿ ಹೇಳುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಕೇಳಿದ ಮಗುವಿಗೆ ಸುಳ್ಳು ಹೇಳಬಾರದು. ತರಗತಿಯಲ್ಲಿ ರೇಷ್ಮೆ ಹುಳ ಸಾಕುವ ಮನೆಯ ಮಗು ಇರುತ್ತದೆ, ಆ ಮನೆಯ ಅನ್ನ ಅದರಿಂದಲೇ ಬರುತ್ತದೆ. ‘ಪಾಪ, ಕೊಂದರು’ ಅನ್ನುವ ದನಿ ಟೀಚರ್ ಬಾಯಲ್ಲಿ ಬಂದರೆ ಆ ಮಗು ಮಂಕಾಗುತ್ತದೆ. ‘ರೈತರು ಬಟ್ಟೆಗೆ ನೂಲು ತೆಗೆಯುತ್ತಾರೆ, ಆಗ ಹುಳ ಸಾಯುತ್ತದೆ. ನಮ್ಮ ತರಗತಿಯ ಗೂಡನ್ನು ನಾವು ಹಾಗೇ ಬಿಡೋಣ, ಒಳಗಿಂದ ಏನು ಬರುತ್ತೆ ನೋಡೋಣ’ ಅಂದೆ, ಅಷ್ಟೇ.

ಹತ್ತು ಹನ್ನೆರಡು ದಿನ ಕಾಯಬೇಕು. ಸುಮ್ನೆ ಕಾಯುವುದು ಈ ವಯಸ್ಸಿಗೆ ತುಂಬಾ ಕಷ್ಟ, ಅದಕ್ಕೆ ದಿನಕ್ಕೊಂದು ಹುಣಸೆ ಬೀಜ ಡಬ್ಬಿಗೆ ಹಾಕಿಸಿ. ಪತಂಗ ಸಾಮಾನ್ಯವಾಗಿ ಬೆಳಗ್ಗೆ ಗೂಡಿನ ತುದಿ ಒದ್ದೆ ಮಾಡಿ ಹೊರಬರುತ್ತದೆ. ರೆಕ್ಕೆ ಇದ್ದರೂ ಹಾರಲಾರದು, ಬಾಯಿ ಇದ್ದರೂ ತಿನ್ನುವುದಿಲ್ಲ, ಹೆಣ್ಣು ನಾಲ್ಕೈನೂರು ಮೊಟ್ಟೆ ಇಡುತ್ತದೆ.

ಕೊನೆಯದಾಗಿ ಲೆಕ್ಕ. ಎರಡನೇ ಜ್ವರ ಮುಗಿದ ಹುಳ ಹಣ್ಣಾಗಲು ಸುಮಾರು 18 ದಿನ, ಗೂಡು ಕಟ್ಟಲು 3 ದಿನ, ಪತಂಗ ಬರಲು 12 ದಿನ. ಯುಗಾದಿ ರಜೆ, ಬೇಸಿಗೆ ರಜೆ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹಿಂದಕ್ಕೆ ಎಣಿಸಿ ಹುಳ ತನ್ನಿ. ಪತಂಗ ಹೊರಬರುವ ಬೆಳಗ್ಗೆ ಶಾಲೆಗೆ ಬೀಗ ಹಾಕಿರಬಾರದು.