ಭಟ್ಟಿಯ ಮರಳು, ತೂತಿನ ಕಲ್ಲು

ದಾವಣಗೆರೆಯಲ್ಲಿ ಹಳೇ ಪದ್ಧತಿಯ ಮಂಡಕ್ಕಿ ಭಟ್ಟಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಬಾಣಲೆಯಲ್ಲಿ ಕಾದ ಮರಳು. ಅದಕ್ಕೆ ಹದ ಮಾಡಿದ ಅಕ್ಕಿ ಸುರಿಯುತ್ತಾರೆ. ಕೆಲವೇ ಸೆಕೆಂಡು. ಕಾಳಿನೊಳಗಿನ ಒಂದಿಷ್ಟು ನೀರು ಆವಿಯಾಗಿ, ಹೊರಗೆ ದಾರಿ ಸಿಗದೆ, ಕಾಳನ್ನೇ ಉಬ್ಬಿಸಿಬಿಡುತ್ತದೆ. ತಕ್ಷಣ ಎಲ್ಲವನ್ನೂ ಜರಡಿಗೆ ಹಾಕುತ್ತಾರೆ. ಮಂಡಕ್ಕಿ ಮೇಲೆ ಉಳಿಯುತ್ತದೆ, ಮರಳು ಕೆಳಗೆ ಬೀಳುತ್ತದೆ. ಬಿದ್ದ ಮರಳು ಮತ್ತೆ ಬಾಣಲೆಗೆ.

“ಮರಳು ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ತೀರಿ?” ಅಂತ ಒಮ್ಮೆ ಕೇಳಿದ್ದೆ.

“ಮರಳು ಯಾಕ್ ಖರ್ಚಾಗುತ್ತೆ ಸಾರ್? ಚೆಲ್ಲಿದ್ದು ಬಿಟ್ರೆ ಎಲ್ಲಾ ಅದೇ.”

ಕೆಲಸ ಮಾಡುವ ವಸ್ತು ಬೇರೆ, ಸರಕು ಬೇರೆ. ಎರಡನ್ನೂ ಬೇರ್ಪಡಿಸಲು ಒಂದು ಜರಡಿ ಸಾಕು. ಇಷ್ಟು ಸರಳ ಸಂಗತಿ ಔಷಧಿ, ಸುಗಂಧ, ಬಣ್ಣ ಮಾಡುವ ಕಾರ್ಖಾನೆಗಳಿಗೆ ದಕ್ಕಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ನಾನು ಎಂಎಸ್ಸಿ ಓದುವಾಗಿನ ಮಾತು. ಮಳೆಗಾಲ. ಲ್ಯಾಬಿನಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಬಿಳಿ ಹೊಗೆ ಎದ್ದಿತು. ಗಾಳಿಯ ತೇವ ತಾಗಿದರೆ ಸಾಕು, ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಉಗುಳುತ್ತದೆ. ಕೆಮ್ಮುತ್ತಲೇ ಪ್ರಯೋಗ ಮುಗಿಸಿದೆವು. ಕೊನೆಗೆ ಎಲ್ಲವನ್ನೂ ಮಂಜುಗಡ್ಡೆಗೆ ಸುರಿಯಬೇಕು, ಬುಸ್ಸೆನ್ನುತ್ತದೆ. ನಮ್ಮ ಕೈಗೆ ಬಂದ ಸರಕು ಒಂದು ಚಮಚ. ಮಿಕ್ಕ ಹುಳಿ ನೀರು ಅರ್ಧ ಬಕೆಟ್. ಅದು ಎಲ್ಲಿಗೆ ಹೋಯಿತು ಅಂತ ಕೇಳಬೇಡಿ. ಸಿಂಕ್ ಹತ್ತಿರವೇ ಇತ್ತು.

ಆ ಪ್ರಯೋಗಕ್ಕೆ ಫ್ರೀಡೆಲ್-ಕ್ರಾಫ್ಟ್ಸ್ ಕ್ರಿಯೆ ಅಂತ ಹೆಸರು. 1877ರಲ್ಲಿ ಚಾರ್ಲ್ಸ್ ಫ್ರೀಡೆಲ್ ಮತ್ತು ಜೇಮ್ಸ್ ಕ್ರಾಫ್ಟ್ಸ್ ಕಂಡುಕೊಂಡದ್ದು. ಬೆಂಜೀನಿನಂಥ ಉಂಗುರದ ಅಣುವಿಗೆ ಹೊಸ ತುಂಡೊಂದನ್ನು ಅಂಟಿಸುವ ವಿಧಾನ. ಪುಸ್ತಕದಲ್ಲಿ ಅಲ್ಯೂಮಿನಿಯಂ ಕ್ಲೋರೈಡನ್ನು ವೇಗವರ್ಧಕ ಅನ್ನುತ್ತಾರೆ. ವೇಗವರ್ಧಕ ಅಂದರೆ ಕ್ರಿಯೆಯನ್ನು ಚುರುಕು ಮಾಡಿ ತಾನು ಹಾಗೇ ಉಳಿಯಬೇಕು. ಆದರೆ ಕೀಟೋನ್ ಎಂಬ ಜಾತಿಯ ವಸ್ತು ತಯಾರಿಸುವಾಗ ಇದು ಉಳಿಯುವುದಿಲ್ಲ. ಹುಟ್ಟಿದ ಸರಕಿಗೇ ಅಂಟಿಕೊಂಡು ಕೂರುತ್ತದೆ. ಬಿಡಿಸಬೇಕಾದರೆ ನೀರು ಹಾಕಿ ಅದನ್ನು ಸಾಯಿಸಬೇಕು. ಉದಾಹರಣೆಗೆ ಮೆಥಾಕ್ಸಿ ಅಸಿಟೋಫಿನೋನ್ ಎಂಬ ಕೀಟೋನ್ ತಗೊಳ್ಳಿ. ಸುಗಂಧಕ್ಕೂ ಸನ್‌ಸ್ಕ್ರೀನ್‌ಗೂ ಬೇಕಾದ ವಸ್ತು. ಹಳೇ ದಾರಿಯಲ್ಲಿ ಇದರ ಒಂದು ಕಿಲೋಗೆ ಕಡಿಮೆ ಅಂದರೂ ಸುಮಾರು 900 ಗ್ರಾಂ ಅಲ್ಯೂಮಿನಿಯಂ ಕ್ಲೋರೈಡ್ ಹಾಳು. ಸೋಪಿನಷ್ಟೇ ಸೋಪಿನ ಕಾಗದ ಬಂದ ಹಾಗೆ.

ಹೀಗೆ ಕಡಿಮೆ ಪ್ರಮಾಣದಲ್ಲಿ, ಜಾಸ್ತಿ ಬೆಲೆಗೆ ತಯಾರಾಗುವ ವಸ್ತುಗಳಿಗೆ ಫೈನ್ ಕೆಮಿಕಲ್ಸ್ ಅನ್ನುತ್ತಾರೆ. ಹೆಸರು ಫೈನ್, ಕಸದ ಲೆಕ್ಕ ಮಾತ್ರ ಫೈನ್ ಅಲ್ಲ. 1992ರಲ್ಲಿ ರೋಜರ್ ಶೆಲ್ಡನ್ ಎಂಬ ವಿಜ್ಞಾನಿ ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ಕಸ ಹುಟ್ಟುತ್ತದೆ ಅಂತ ಲೆಕ್ಕ ಹಾಕಿದರು. ದೊಡ್ಡ ಪ್ರಮಾಣದ ರಾಸಾಯನಿಕಗಳಲ್ಲಿ 1ಕ್ಕಿಂತ ಕಡಿಮೆಯಿಂದ ಹಿಡಿದು 5 ಕಿಲೋ, ಫೈನ್ ಕೆಮಿಕಲ್ಸ್‌ನಲ್ಲಿ 5ರಿಂದ 50, ಔಷಧಿಗಳಲ್ಲಿ 25ರಿಂದ 100. ಗಬ್ಬು ಅಂತ ನಾವು ಬೈಯುವ ಪೆಟ್ರೋಲ್ ಸಂಸ್ಕರಣೆಯಲ್ಲಿ ಇದು ಕಾಲು ಕಿಲೋವನ್ನೂ ದಾಟುವುದಿಲ್ಲ. ಪೆಟ್ರೋಲಿನವರ ಹತ್ತಿರ ಇದ್ದ ಒಂದು ಗುಟ್ಟು ಇವರ ಹತ್ತಿರ ಇರಲಿಲ್ಲ. ಅದು ತೂತಿನ ಕಲ್ಲು, ಝಿಯೋಲೈಟ್.

1756ರಲ್ಲಿ ಸ್ವೀಡನ್ನಿನ ಖನಿಜ ತಜ್ಞ ಆಕ್ಸೆಲ್ ಕ್ರಾನ್‌ಸ್ಟೆಟ್ ಒಂದು ಕಲ್ಲನ್ನು ಊದುಕೊಳವೆಯ ಉರಿಗೆ ಹಿಡಿದರು. ಕಲ್ಲು ಕುದಿಯತೊಡಗಿತು! ಅದರೊಳಗಿದ್ದ ನೀರು ಆವಿಯಾಗಿ ಬುಳುಬುಳು ಅಂದಿತ್ತು. ನಮ್ಮ ಮಂಡಕ್ಕಿಯದ್ದೂ ಅದೇ ಕಥೆ ಅಲ್ವಾ? ಗ್ರೀಕಿನಲ್ಲಿ ‘ಝಿಯೋ’ ಅಂದರೆ ಕುದಿ, ‘ಲಿಥೋಸ್’ ಅಂದರೆ ಕಲ್ಲು. ಹಾಗೆ ಹೆಸರು ಬಂತು. ಪುಣೆ, ಜಳಗಾಂವ್ ಕಡೆಯ ಕಪ್ಪು ಬಸಾಲ್ಟ್ ಬಂಡೆಗಳ ಪೊಟರೆಗಳಲ್ಲಿ ಇದರ ಚಂದದ ಹರಳುಗಳು ಸಿಗುತ್ತವೆ. ಚಿತ್ರದುರ್ಗದ ಕೋಟೆಬಂಡೆಯಲ್ಲಿ ಹುಡುಕಬೇಡಿ, ಅದು ಗ್ರಾನೈಟು. ಕಾರ್ಖಾನೆಗಳಲ್ಲಿ ವೇಗವರ್ಧಕವಾಗಿ ಬಳಸುವುದು ಹೆಚ್ಚಾಗಿ ಮನುಷ್ಯ ಮಾಡಿದ ಝಿಯೋಲೈಟನ್ನೇ.

ಮನೆ ಕಟ್ಟುವಾಗ ಇಟ್ಟಿಗೆ ಜೋಡಿಸಿ ಜಾಲಿ ಮಾಡುತ್ತೇವಲ್ಲ, ಝಿಯೋಲೈಟಿನ ರಚನೆ ಹಾಗೆಯೇ. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ, ಈ ಮೂರೇ ಸಾಮಾನು. ಎಲ್ಲ ದಿಕ್ಕಿಗೂ ಹಬ್ಬಿದ ಜಾಲಿ, ಎಲ್ಲ ತೂತೂ ಒಂದೇ ಅಳತೆ. ಝಡ್‌ಎಸ್‌ಎಂ-5 ಎಂಬ ಪ್ರಸಿದ್ಧ ಜಾತಿಯಲ್ಲಿ ತೂತಿನ ಅಗಲ ಸುಮಾರು 0.55 ನ್ಯಾನೋಮೀಟರ್. ಗೋಡೆಯ ದಪ್ಪ ಬಿಟ್ಟು ಲೆಕ್ಕ ಹಾಕಿದರೆ, ತಲೆಗೂದಲಿನ ಅಗಲಕ್ಕೆ ಇಂಥ ಒಂದು ಲಕ್ಷ ತೂತು. ವೈ ಎಂಬ ಇನ್ನೊಂದು ಜಾತಿಯ ಒಂದೇ ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹಾಸಿದರೆ 600 ಚದರ ಮೀಟರಿಗೂ ಜಾಸ್ತಿ. ಐದು ಥರ್ಟಿ-ಫಾರ್ಟಿ ಸೈಟು!

ಇನ್ನು ಕೆಲಸ ಮಾಡುವ ಜಾಗ. ಬಂಧ ಕಟ್ಟಲು ಸಿಲಿಕಾನಿಗೆ ನಾಲ್ಕು ಕೈ, ಅಲ್ಯೂಮಿನಿಯಂಗೆ ಮೂರೇ. ಸಿಲಿಕಾನ್ ಕೂರಬೇಕಾದಲ್ಲಿ ಅಲ್ಯೂಮಿನಿಯಂ ಕೂತರೆ ಜಾಲಿಗೆ ಒಂದು ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಪಕ್ಕದಲ್ಲಿ ಒಂದು ಸೋಡಿಯಂ ಇರಬೇಕು. ಆ ಸೋಡಿಯಂ ಎಬ್ಬಿಸಿ ಹೈಡ್ರೋಜನ್ ಕೂರಿಸಿದರೆ ಗೋಡೆಯೇ ಆಮ್ಲವಾಗುತ್ತದೆ. ನೋಡಲು ಟಾಲ್ಕಂ ಪೌಡರ್ ಥರ. ಹೊಗೆ ಇಲ್ಲ, ಸೋರುವುದಿಲ್ಲ. ಕೆಲಸ ಮುಗಿದ ಮೇಲೆ ಸೋಸಿದರಾಯಿತು. ಭಟ್ಟಿಯ ಮರಳಿಗೂ ಇದಕ್ಕೂ ಒಂದು ವ್ಯತ್ಯಾಸ ಹೇಳಲೇಬೇಕು. ಮರಳು ಸುಮ್ನೆ ಶಾಖ ಮುಟ್ಟಿಸುತ್ತದೆ, ಇದು ಅಣುಗಳ ಬಂಧವನ್ನೇ ಬಿಚ್ಚಿ ಕಟ್ಟುತ್ತದೆ.

ಜೊತೆಗೆ ಇದು ಜರಡಿಯೂ ಹೌದು. ಭಟ್ಟಿಯ ಜರಡಿಯ ತೂತಿನಿಂದ ಅಕ್ಕಿಕಾಳು ನುಸುಳಬಹುದು, ಮಂಡಕ್ಕಿ ನುಸುಳದು. ಒಂದು ವೇಳೆ ಅಕ್ಕಿ ಜರಡಿಯ ಗೂಡಿನೊಳಗೇ ಅರಳಿಬಿಟ್ಟರೆ? ಅಲ್ಲೇ ಬಂದಿ. ಝಡ್‌ಎಸ್‌ಎಂ-5 ಒಳಗೆ ಝೈಲೀನಿಗೆ ಆಗುವುದು ಇದೇ. ಝೈಲೀನ್ ಮೂರು ರೂಪದ ಅಣು. ಪ್ಯಾರಾ ತೆಳ್ಳಗೆ ನೇರ, ಮಿಕ್ಕ ಎರಡು ಸ್ವಲ್ಪ ಅಗಲ. ಪ್ಯಾರಾ ಮಿಕ್ಕವಕ್ಕಿಂತ ಸಾವಿರ ಪಟ್ಟು ಬೇಗ ಜಾರಿ ಹೊರಬರುತ್ತದೆ. ಅಗಲದವು ಒಳಗೇ ಅಲೆಯುತ್ತಾ, ರೂಪ ಬದಲಿಸಿ ಪ್ಯಾರಾ ಆದಾಗ ಬಿಡುಗಡೆ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೆ ಬೇಕಾದದ್ದೂ ಆ ಪ್ಯಾರಾವೇ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲ್ ರತ್ನಸ್ವಾಮಿ ಅವರ ತಂಡ 1980ರ ದಶಕದಲ್ಲಿ ಎನ್ಸಿಲೈಟ್ ಎಂಬ ನಮ್ಮದೇ ಝಿಯೋಲೈಟ್ ಮಾಡಿ, ಝೈಲೀನ್ ಕೆಲಸಕ್ಕೆ ಕಾರ್ಖಾನೆಗೂ ಮುಟ್ಟಿಸಿತು.

ಈಗ ಸನ್‌ಸ್ಕ್ರೀನಿನ ವಸ್ತುವಿಗೆ ವಾಪಸ್ ಬರೋಣ. 1990ರ ದಶಕದಲ್ಲಿ ಫ್ರಾನ್ಸಿನ ರೋಡಿಯಾ ಕಂಪನಿ ಅಲ್ಯೂಮಿನಿಯಂ ಕ್ಲೋರೈಡ್ ಬಿಟ್ಟು ಬೀಟಾ ಎಂಬ ಝಿಯೋಲೈಟ್ ಹಿಡಿಯಿತು. ಕೊಳವೆಯಲ್ಲಿ ಝಿಯೋಲೈಟ್ ತುಂಬಿ, ಒಂದು ಕಡೆಯಿಂದ ಅನಿಸೋಲ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಎಂಬ ಎರಡು ಕಚ್ಚಾ ವಸ್ತು ಬಿಡುವುದು, ಇನ್ನೊಂದು ಕಡೆಯಿಂದ ಸರಕು ಹಿಡಿಯುವುದು. ದ್ರಾವಕ ಬೇಡ, ನೀರು ಬೇಡ. ಹನ್ನೆರಡು ಹಂತದ ಕೆಲಸ ಎರಡು-ಮೂರಕ್ಕೆ ಇಳಿಯಿತು. ಒಂದು ಕಿಲೋ ಸರಕಿಗೆ 4.5 ಕಿಲೋ ಕೊಳೆ ನೀರು ಬರುತ್ತಿದ್ದದ್ದು 0.035 ಕಿಲೋ ಆಯಿತು. ಅರ್ಧ ಬಕೆಟ್ ಚೆಲ್ಲಿದವನಿಗೆ ಈ ಅಂಕಿ ಓದಿ ಸ್ವಲ್ಪ ಹೊಟ್ಟೆ ಉರಿಯಿತು.

ಹಾಗಂತ ಇದು ಎಲ್ಲ ರೋಗಕ್ಕೂ ಮದ್ದಲ್ಲ. ತೂತು ಕಟ್ಟಿಕೊಳ್ಳುತ್ತದೆ. ಸರಕಿನ ಅಣುವೇ ಒಳಗೆ ಅಂಟಿ ದಾರಿ ಅಡ್ಡಗಟ್ಟುತ್ತದೆ, ಜಿಡ್ಡು ಕಪ್ಪುಗಟ್ಟಿ ಇಂಗಾಲವಾಗುತ್ತದೆ. ಆಗ ಗಾಳಿಯಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸಿ ಸುಡಬೇಕು. ಕಲ್ಲಾದ್ದರಿಂದ ತಡೆಯುತ್ತದೆ. ದೊಡ್ಡ ಸಮಸ್ಯೆ ಬೇರೆ ಇದೆ. ಔಷಧಿಯ ದಪ್ಪ ಅಣುಗಳು ಈ ತೂತಿಗೆ ತೂರುವುದೇ ಇಲ್ಲ. 1992ರಲ್ಲಿ ಮೊಬಿಲ್ ಕಂಪನಿಯವರು ಎಂಸಿಎಂ-41 ಎಂಬ ದೊಡ್ಡ ತೂತಿನ ವಸ್ತು ಮಾಡಿದಾಗ ಎಲ್ಲರೂ ಕುಣಿದಾಡಿದರು. ತೂತೇನೋ ದೊಡ್ಡದು, ಆದರೆ ಗೋಡೆ ಹರಳಿನಂತೆ ಗಟ್ಟಿಯಲ್ಲ, ಆಮ್ಲವೂ ಸಪ್ಪೆ. ಇಂದಿಗೂ ಈ ಜಗ್ಗಾಟ ನಡೆದೇ ಇದೆ.

ಮತ್ತೆ ಭಟ್ಟಿಗೆ. ಭದ್ರಾ ನಾಲೆಯ ನೀರಿನಿಂದ ಇಲ್ಲಿ ಭತ್ತಕ್ಕೆ ಬರವಿಲ್ಲ, ಹಾಗಾಗಿ ಹೊಟ್ಟಿಗೂ ಇಲ್ಲ. ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು, ಅದನ್ನು ಸುಟ್ಟರೆ ಹತ್ತಿರ ಹತ್ತಿರ 4 ಕಿಲೋ ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಭಾಗ ಸಿಲಿಕಾ, ಝಿಯೋಲೈಟಿನ ಮುಖ್ಯ ಸಾಮಾನು! 600-700 ಡಿಗ್ರಿಯಲ್ಲಿ ಹದವಾಗಿ ಸುಟ್ಟ ಬೂದಿ ಕಾಸ್ಟಿಕ್ ಸೋಡಾದಲ್ಲಿ ಸಲೀಸಾಗಿ ಕರಗುತ್ತದೆ. ತೀರಾ ಜಾಸ್ತಿ ಕಾದರೆ ಹರಳುಗಟ್ಟಿ ಹಠ ಹಿಡಿಯುತ್ತದೆ. ಹೊಟ್ಟಿನ ಬೂದಿಯಿಂದ ಝಿಯೋಲೈಟ್ ಮಾಡಿದ ಪ್ರಬಂಧಗಳು ಬೇಕಾದಷ್ಟಿವೆ.

ಹೋದ ವರ್ಷ ನಮ್ಮ ಬಿಎಸ್ಸಿ ಮಕ್ಕಳು ಒಂದು ಕವರ್ ಬೂದಿ ತಂದರು. ಕಪ್ಪಗಿತ್ತು, ಅಂದರೆ ಇಂಗಾಲ ಪೂರ್ತಿ ಸುಟ್ಟಿರಲಿಲ್ಲ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಸೋಸಿದಾಗ ಮಸಿ ಕಾಗದದ ಮೇಲೆ ಉಳಿಯಿತು, ಕೆಳಗೆ ತಿಳಿ ನೀರಿನಂಥ ಸೋಡಿಯಂ ಸಿಲಿಕೇಟ್. ಅದಕ್ಕೆ ಸೋಡಿಯಂ ಅಲ್ಯುಮಿನೇಟ್ ಹಾಕಿದ್ದೇ ಗಟ್ಟಿ ಮೊಸರಿನಂತಾಯಿತು. ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿದು 90 ಡಿಗ್ರಿಯ ಓವನ್ನಿನಲ್ಲಿ ಒಂದು ರಾತ್ರಿ ಇಟ್ಟರು. ಬೆಳಿಗ್ಗೆ ತಳದಲ್ಲಿ ಬಿಳಿ ಪುಡಿ. ನಾವು ಗುರಿ ಇಟ್ಟದ್ದು 4ಎ ಎಂಬ ಜಾತಿಗೆ. ಇದು ಬೀಟಾದ ಹಾಗೆ ಆಮ್ಲದ ಕೆಲಸಕ್ಕಲ್ಲ, ಡಿಟರ್ಜೆಂಟ್ ಪುಡಿಯಲ್ಲಿ ನೀರಿನ ಗಡಸು ತೆಗೆಯುವ ಜಾತಿ.

ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು ಊರಿನ ಬೋರ್‌ವೆಲ್ ನೀರು ತಂದಿದ್ದಳು. ಸೋಪು ಹಾಕಿ ಕುಲುಕಿದರೆ ನೊರೆಯೇ ಇಲ್ಲ, ಬರೀ ಒಡೆದ ಹಾಲಿನಂಥ ಗಸಿ. ಚೆನ್ನಾಗಿ ತೊಳೆದ ಪುಡಿಯನ್ನು ಒಂದು ಚಮಚ ಹಾಕಿ, ಅಲ್ಲಾಡಿಸಿ, ಸೋಸಿ, ಮತ್ತೆ ಸೋಪು ಹಾಕಿದಳು. ಬಾಟಲಿಯ ಕುತ್ತಿಗೆವರೆಗೆ ನೊರೆ.

“ಸಾರ್, ಹಾಗಾದ್ರೆ ಇದು ಝಿಯೋಲೈಟೇ ಅಲ್ವಾ?”

ಇರಬಹುದು. ಹರಳುಗಟ್ಟದ ಪುಡಿಯೂ ಅಷ್ಟಿಷ್ಟು ಗಡಸು ಹೀರುತ್ತದೆ, ಖಾತ್ರಿಗೆ ಹರಳಿನ ರಚನೆ ತೋರಿಸುವ ಎಕ್ಸ್-ರೇ ಪರೀಕ್ಷೆ ಬೇಕು ಅಂದೆ. ಮುಖ ಸಣ್ಣದಾಯಿತು. ಒಂದು ಚಿಟಿಕೆ ಪುಡಿಯನ್ನು ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸಿದ್ದೇವೆ. ಮಿಕ್ಕದ್ದನ್ನು ಅವಳು ಊರಿಗೆ ತಗೊಂಡು ಹೋದಳು, ಬಟ್ಟೆ ಒಗೆಯೋ ನೀರಿಗೆ ಅವರಮ್ಮ ಹಾಕಿ ನೋಡ್ತಾರಂತೆ.