ಆಷಾಢದ ಗಾಳಿಯೂ ಎಡಗಾಲೂ

ಆಷಾಢದ ಗಾಳಿಗೆ ಜಕ್ಕೂರಿನ ನಮ್ಮ ತಾರಸಿಯಲ್ಲಿ ಒಣಹಾಕಿದ ಪಂಚೆ ಪಕ್ಕದ ಮನೆ ಸೇರುತ್ತದೆ. ಆ ದಿನಗಳಲ್ಲಿ ಎಲ್ಲಾದರೂ ಹೆಲಿಕಾಪ್ಟರ್ ಬಿದ್ದರೆ, ಹೆಲಿಕಾಪ್ಟರ್ ಹಾರಿಸುವ ನನ್ನನ್ನು ಟೀ ಅಂಗಡಿಯಲ್ಲಿ ಬಿಡುವುದಿಲ್ಲ. "ಗಾಳಿ ಎತ್ತಿ ಒಗೀತಂತೆ, ಹೌದಾ ಸಾರ್?"

ಎತ್ತಿ ಒಗೆಯುವಂಥ ಗಾಳಿಯೇ ಬೇಕಿಲ್ಲ. 30 ನಾಟ್ ಒಳಗಿನ, ಅಂದರೆ ಗಂಟೆಗೆ 55 ಕಿಲೋಮೀಟರ್ ದಾಟದ ಗಾಳಿಯೂ ಸಾಕು. ಅದು ಬರಬಾರದ ಕಡೆಯಿಂದ ಬರಬೇಕು, ಹೆಲಿಕಾಪ್ಟರ್ ನಿಧಾನವಾಗಿರಬೇಕು, ಅಷ್ಟೇ.

ಮೇಲಿನ ದೊಡ್ಡ ರೆಕ್ಕೆ ಒಂದು ಕಡೆ ಸುತ್ತಿದರೆ ಒಡಲು ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಬಾಲದ ಪುಟ್ಟ ರೋಟರ್. ಅದರ ಲಗಾಮು ಪೈಲಟ್ ಕಾಲಡಿಯ ಪೆಡಲ್‌ನಲ್ಲಿದೆ. ಅಮೆರಿಕದ ಯಂತ್ರಗಳಲ್ಲಿ ಮೂತಿ ಬಲಕ್ಕೆ ಓಡುತ್ತದೆ, ಹಾಗಾಗಿ ಎಡಗಾಲಿಗೆ ಕೆಲಸ ಜಾಸ್ತಿ. ನಮ್ಮ ಎಚ್‌ಎಎಲ್ ಕಟ್ಟಿದ ಚೇತಕ್ ಫ್ರೆಂಚ್ ಮೂಲದ್ದು, ಅಲ್ಲಿ ಎಲ್ಲ ಉಲ್ಟಾ.

ಅಮೆರಿಕದ ಯಂತ್ರಕ್ಕೆ ಎಡದಿಂದ ಗಾಳಿ ಬಂದರೆ, ಬಾಲದ ರೋಟರ್ ಆಚೆ ತಳ್ಳಿದ ಗಾಳಿಯೇ ಸುತ್ತಿ ಅದರೊಳಗೆ ಬರುತ್ತದೆ. ರೋಟರ್ ತಿರುಗುತ್ತಲೇ ಇರುತ್ತದೆ, ಹಿಡಿತ ಮಾತ್ರ ತಪ್ಪುತ್ತದೆ. ಅದರಲ್ಲಿ ಏನೂ ಕೆಟ್ಟಿರುವುದಿಲ್ಲ. ಇದು ಯಂತ್ರದ ದೋಷವಲ್ಲ ಎಂದು ಅಮೆರಿಕದ ವಿಮಾನಯಾನ ಇಲಾಖೆ 1995ರ ಸಲಹಾಪತ್ರದಲ್ಲೇ ಬರೆದಿದೆ. ಬೆಂಗಳೂರಿನ ಎತ್ತರವೂ ಸೇರಿಕೊಳ್ಳುತ್ತದೆ. ಸುಮಾರು 3,000 ಅಡಿ ಮೇಲಿದ್ದೇವೆ, ಗಾಳಿ ತೆಳು, ಬಾಲಕ್ಕೆ ಸಿಗುವ ಬಲವೂ ಕಡಿಮೆ.

ಪಾಠ ಹೇಳುವ ನಾನೇ ಒಮ್ಮೆ ಸಿಕ್ಕಿಬಿದ್ದೆ. ಆಷಾಢಕ್ಕೆ ಮುಂಚಿನ ಕಡೇ ಮುಹೂರ್ತ. ಮದುವೆ ಗಂಡು ಹೆಲಿಕಾಪ್ಟರಿನಲ್ಲಿ ಇಳಿಯಬೇಕು, ಈಗ ಅದೊಂದು ಶೋಕಿ ಅಲ್ವಾ? ನೆಲಮಂಗಲದ ಕಡೆ ಒಂದು ಮೈದಾನ. ಪಶ್ಚಿಮಕ್ಕೆ ಮೂತಿ ಮಾಡಿ, ಗಾಳಿಗೆ ಎದುರಾಗಿ, 20 ಅಡಿ ಮೇಲೆ ನಿಲ್ಲಿಸಿದ್ದೆ. ಬಾಗಿಲು ಕ್ಯಾಮೆರಾ ಕಡೆ ಬರಲಿ ಎಂದು ಕೆಳಗಿನಿಂದ ಕೈಸನ್ನೆ. ಒಪ್ಪಬಾರದಿತ್ತು. ಬಲಕ್ಕೆ, ಉತ್ತರದ ಕಡೆ ತಿರುಗಿಸಿದೆ. ಗಾಳಿ ಈಗ ಎಡಗಡೆಗೆ ಬಂತು.

ಮೂತಿ ಉತ್ತರ ದಾಟಿತು, ನಿಲ್ಲಲಿಲ್ಲ. ಎಡ ಪೆಡಲ್ ಕೊನೆ ಮುಟ್ಟಿತು, ಆದರೂ ನಿಲ್ಲಲಿಲ್ಲ. ಕೆಳಗೆ ರೇಷ್ಮೆ ಸೀರೆಗಳು, ನಾಗಸ್ವರದವರು. ಆಗ ಎಡಗೈ ತಾನಾಗೇ ಕಲೆಕ್ಟಿವ್, ಅಂದರೆ ಮೇಲೇರಿಸುವ ಸನ್ನೆಕೋಲು, ಎಳೆದು ಮೇಲೇರಲು ಹೊರಡುತ್ತದೆ. ಎಳೆದರೆ ಎಂಜಿನ್ ಇನ್ನೂ ಜೋರಾಗಿ ದುಡಿಯಬೇಕು, ಮೂತಿ ಇನ್ನೂ ಜೋರಾಗಿ ಸುತ್ತುತ್ತದೆ. ಎಷ್ಟೋ ಜನ ಬೀಳುವುದು ಇಲ್ಲೇ. ಎಡಗೈಯನ್ನು ತಡೆದುಕೊಂಡು, ಪೆಡಲ್ ಬಿಡದೆ, ಸ್ಟಿಕ್ ಮುಂದಕ್ಕೆ ಒತ್ತಿದೆ. ಮುಂದಕ್ಕೆ ವೇಗ ಸಿಕ್ಕಿದ ಮೇಲೆ ಮೂತಿ ಮಾತು ಕೇಳಿತು. ತೆಂಗಿನ ತೋಪಿನ ಪಕ್ಕದಲ್ಲೇ ಆಚೆ ಹೋದೆವು.

"ಇನ್ನೊಂದ್ ರೌಂಡ್ ಹೊಡೀರಿ ಅಂಕಲ್" ಎಂದ ಮದುಮಗ. ಬೇಕೆಂದೇ ತಿರುಗಿಸಿದೆ ಅಂದುಕೊಂಡಿದ್ದ.

ಎರಡನೇ ಸಲ ಗಾಳಿಗೆ ಎದುರಾಗಿ ನೇರ ಇಳಿಸಿದೆ. ವೀಡಿಯೋದವನಿಗೆ ಸಿಕ್ಕಿದ್ದು ಬರೀ ಬಾಲ. ಸಂಜೆವರೆಗೂ ಗೊಣಗುತ್ತಿದ್ದನಂತೆ.