ಜನರಿಂದ ಎತ್ತಿದ ಹಣ ವಾಪಸ್ ಕೊಡಬೇಕಾ?

ಪ್ರಶ್ನೆ: ಧಾರವಾಡದ ಹತ್ತಿರದ ಊರಿನಲ್ಲಿ ನಾವು ಐದು ಜನ ಹೆಣ್ಣುಮಕ್ಕಳು ಸೇರಿ ಕಸೂತಿ ಕೆಲಸ ಮಾಡುತ್ತೇವೆ. ಸೀರೆ, ಸ್ಟೋಲ್, ಕರ್ಚೀಫು ಮಾಡುತ್ತೇವೆ. ಬ್ಯಾಂಕಿಗೆ ಅಡವಿಡಲು ನಮ್ಮ ಹತ್ತಿರ ಏನೂ ಇಲ್ಲ. ಕ್ರೌಡ್‌ಫಂಡಿಂಗ್ (ಇಂಟರ್ನೆಟ್ಟಿನಲ್ಲಿ ಬಹಳ ಜನರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವುದು) ಮಾಡಿದರೆ ಮೂರು ಲಕ್ಷ ಎತ್ತಬಹುದು ಎನ್ನುತ್ತಾರೆ. ಆ ಹಣ ಮುಂದೆ ವಾಪಸ್ ಕೊಡಬೇಕಾ?

ಉತ್ತರ: ಕೈಕೆಲಸದವರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಹಣ ಕೊಡುವವರಿಗೆ ನೀವು ಏನು ಮಾತು ಕೊಟ್ಟಿದ್ದೀರಿ ಎನ್ನುವುದರ ಮೇಲೆ ಇದರ ಉತ್ತರ ನಿಂತಿದೆ. ಹೆಸರು ಹೊಸದು, ವ್ಯವಹಾರ ಹಳೆಯದು. ಊರಲ್ಲಿ ನಾವು ದಾನ, ಸಂಚಕಾರ (ಮುಂಗಡ), ಕೈಗಡ, ಪಾಲು ಎಂದು ನಾಲ್ಕು ಬೇರೆ ಬೇರೆ ಮಾತು ಬಳಸುತ್ತೇವಲ್ಲ, ಆ ನಾಲ್ಕನ್ನೂ ಈಗ ಕ್ರೌಡ್‌ಫಂಡಿಂಗ್ ಎಂಬ ಒಂದೇ ಚೀಲಕ್ಕೆ ತುಂಬಿದ್ದಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ದಾನವಾದರೆ ವಾಪಸ್ ಕೊಡಬೇಕಿಲ್ಲ. ಆದರೆ ನಮ್ಮ ದೇಶದಲ್ಲಿ ಜನ ಆನ್‌ಲೈನ್‌ನಲ್ಲಿ ದಾನ ಕೊಡುವುದು ಹೆಚ್ಚಾಗಿ ಆಸ್ಪತ್ರೆಯ ಖರ್ಚಿಗೆ, ಮಕ್ಕಳ ಚಿಕಿತ್ಸೆಗೆ. ಮಿಲಾಪ್, ಕೆಟ್ಟೊ ಮುಂತಾದ ತಾಣಗಳನ್ನು ತೆರೆದು ನೋಡಿದರೆ ಗೊತ್ತಾಗುತ್ತದೆ. ಅಂಥ ಫೋಟೋಗಳ ನಡುವೆ ನಿಮ್ಮ ಸ್ಟೋಲ್ ಇಟ್ಟು ದಾನ ಕೇಳುವುದು ನನಗೆ ಸರಿ ಕಾಣುವುದಿಲ್ಲ. ನೀವು ಕಷ್ಟದಲ್ಲಿರುವ ರೋಗಿಗಳಲ್ಲ, ಕೆಲಸ ಬಲ್ಲ ಕುಶಲಕರ್ಮಿಗಳು. ಜೊತೆಗೆ, ಸಂಬಂಧಿಕರಲ್ಲದವರಿಂದ ಒಬ್ಬರಿಗೆ ಒಂದು ವರ್ಷದಲ್ಲಿ ಬಂದ ಉಡುಗೊರೆಯ ಹಣ ಒಟ್ಟು 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ಅವರ ಆದಾಯದ ಲೆಕ್ಕಕ್ಕೆ ಸೇರುತ್ತದೆ.

ಪಾಲು, ಅಂದರೆ ಲಾಭದಲ್ಲಿ ಭಾಗ ಕೊಡುತ್ತೇವೆ ಎಂದು ಸಾರ್ವಜನಿಕರಿಂದ ಹಣ ಎತ್ತುವುದು. ಅದರ ತಂಟೆಗೇ ಹೋಗಬೇಡಿ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2014ರಲ್ಲಿ ಇದರ ಬಗ್ಗೆ ಚರ್ಚಾಪತ್ರ ಹೊರಡಿಸಿ, 2016ರಲ್ಲಿ ಅನುಮತಿಯಿಲ್ಲದ ತಾಣಗಳ ಬಗ್ಗೆ ಜನರನ್ನು ಎಚ್ಚರಿಸಿತ್ತು. ‘ಇಂದು ಸಾವಿರ ಕೊಡಿ, ವರ್ಷದ ನಂತರ ಒಂದೂವರೆ ಸಾವಿರ ಕೊಡುತ್ತೇವೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕಿದರಂತೂ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಎದುರಿಗೆ ಬಂದು ನಿಲ್ಲುತ್ತದೆ. ಒಳ್ಳೆಯ ಮನಸ್ಸಿನಿಂದ ಹಾಕಿದೆವು ಎನ್ನುವುದು ಅಲ್ಲಿ ನಡೆಯುವುದಿಲ್ಲ.

ಸಾಲವಾದರೆ ವಾಪಸ್ ಕೊಡಲೇಬೇಕು. ನೂರಾರು ಜನ ಸ್ವಲ್ಪ ಸ್ವಲ್ಪ ಹಾಕಿ ಒಬ್ಬರಿಗೆ ಸಾಲ ಕೊಡುವ ಏರ್ಪಾಡೂ ಇದೆ. ಬೆಂಗಳೂರಿನ ರಂಗ್ ದೇ 2008ರಿಂದ ರೈತರಿಗೆ, ಕುಶಲಕರ್ಮಿಗಳಿಗೆ ಹೀಗೆ ಸಾಲ ಹೊಂದಿಸುತ್ತಾ ಬಂದಿದೆ. 2017ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿದ ಮೇಲೆ ಇಂಥ ತಾಣಗಳು ಅದರಲ್ಲಿ ನೋಂದಾಯಿಸಿಕೊಂಡಿರಬೇಕು. ನಿಮ್ಮೆದುರಿಗೆ ಯಾರಾದರೂ ಆ್ಯಪ್ ಹಿಡಿದು ಬಂದರೆ ಮೊದಲು ಕೇಳಬೇಕಾದದ್ದು ಆ ನೋಂದಣಿಯನ್ನು.

ಇನ್ನು ಉಳಿದದ್ದು ಸಂಚಕಾರ. ನಿಮಗೆ ಹೊಂದುವುದು ಇದೇ. ಸಾಮಾನು ಇನ್ನೂ ತಯಾರಾಗಿಲ್ಲ, ಜನ ಮುಂಗಡ ಕೊಡುತ್ತಾರೆ, ನೀವು ಹೇಳಿದ ದಿನಕ್ಕೆ ಮಾಡಿ ಕಳಿಸುತ್ತೀರಿ. ತಾಣಗಳ ಭಾಷೆಯಲ್ಲಿ ಇದಕ್ಕೆ ರಿವಾರ್ಡ್ ಎನ್ನುತ್ತಾರೆ. ಆ ಮಾತು ಕೇಳಿದರೆ ಏನೋ ಬಹುಮಾನ ಹಂಚಿದ ಹಾಗೆ ಅನಿಸುತ್ತದೆ. ನಿಜಕ್ಕೂ ಇದು ಆರ್ಡರು. ಮಾಡಿ ಕಳಿಸಿದರೆ ಹಣ ನಿಮ್ಮದು, ವಾಪಸ್ ಕೊಡಬೇಕಿಲ್ಲ. ಕಳಿಸದೇ ಹೋದರೆ ಆ ಹಣ ಅವರದ್ದು, ಕೊಡಲೇಬೇಕು. ಸಾಮಾನಿನ ಬೆಲೆ ಎಂದು ಪಡೆದು ಕೈ ಎತ್ತಿದರೆ ಅವರು ಗ್ರಾಹಕ ಆಯೋಗಕ್ಕೂ ಹೋಗಬಹುದು.

ಹಣ ಸಿಗದೇ ಹೋದರೆ ಎಂದು ನಿಮಗೆ ಭಯ. ಕೈಕೆಲಸದವರ ವಿಷಯದಲ್ಲಿ ನನ್ನ ಭಯ ಬೇರೆ: ಹೆಚ್ಚು ಸಿಕ್ಕಿಬಿಟ್ಟರೆ? ಕಾರ್ಖಾನೆಯಲ್ಲಿ ಆರ್ಡರು ಎರಡರಷ್ಟಾದರೆ ಇನ್ನೊಂದು ಪಾಳಿ ಹಾಕುತ್ತಾರೆ. ಕಸೂತಿಗೆ ಎರಡನೇ ಪಾಳಿ ಎಲ್ಲಿಂದ ತರುತ್ತೀರಿ?

ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಆದರೆ ಹಣ ಕೊಡುವವರಿಗೆ ಗೊತ್ತಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಸಾಲು ಬಿಟ್ಟು ಬಿಟ್ಟು ಹೊಲಿದು ಹೋಗಿ, ಬಂದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಮುರಗಿ ಹೊಲಿಗೆ ಮೆಟ್ಟಿಲಿನಂತೆ ಏರುತ್ತಾ ಹೋಗುತ್ತದೆ. ಗಂಟು ಹಾಕುವಂತಿಲ್ಲ. ಗೋಪುರದ ಚಿತ್ತಾರ ಹೊಲಿಯುವಾಗ ಅದರ ಮೂರನೇ ಅಂತಸ್ತಿನಲ್ಲಿ ಒಂದು ಎಳೆ ತಪ್ಪಿ ಎಣಿಸಿದ್ದು ಕಳಶದ ಹತ್ತಿರ ಬಂದಾಗ ತಿಳಿಯುತ್ತದೆ, ಎರಡು ಕಡೆಯೂ ಕೂಡಿಕೊಳ್ಳುವುದಿಲ್ಲ. ಆಗ ಬಿಚ್ಚುವುದೊಂದೇ ದಾರಿ. ಇಷ್ಟೆಲ್ಲ ಮನೆಗೆಲಸ ಮುಗಿದ ಮೇಲೆ, ಮಧ್ಯಾಹ್ನದ ಬೆಳಕಿರುವ ಹೊತ್ತಿನಲ್ಲಿ ಆಗಬೇಕು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಕಣ್ಣು ಹಾಳುಮಾಡಿಕೊಂಡವರನ್ನು ನೋಡಿದ್ದೇನೆ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ಒಂದು ಸ್ಟೋಲಿಗೆ 16 ಗಂಟೆ. ಐದು ಜನ, ದಿನಕ್ಕೆ ತಲಾ 4 ಗಂಟೆ, ತಿಂಗಳಿಗೆ 25 ದಿನ. ಒಟ್ಟು 500 ಗಂಟೆ. ತಿಂಗಳಿಗೆ 31 ಸ್ಟೋಲ್. ಮೂರು ಲಕ್ಷ ಎತ್ತಲು 2,000 ರೂಪಾಯಿಯಂತೆ 150 ಸ್ಟೋಲ್ ಮಾರಬೇಕು, ಅಂದರೆ ಸುಮಾರು ಐದು ತಿಂಗಳ ಕೆಲಸ. ಅದೂ ಯಾರಿಗೂ ಜ್ವರ ಬರದೆ, ಮನೆಯಲ್ಲಿ ಮದುವೆ ಬರದೆ, ಬಿತ್ತನೆಗೆ ಹೊಲಕ್ಕೆ ಹೋಗದೆ ಇದ್ದರೆ. ನಾನಾದರೆ ಏಳು ತಿಂಗಳು ಎನ್ನುತ್ತೇನೆ.

ಈಗ ಹಣದ ಕಡೆಯಿಂದ ನೋಡಿ. 2,000 ರೂಪಾಯಿಯಲ್ಲಿ ಬಟ್ಟೆ ಮತ್ತು ದಾರಕ್ಕೆ 500. ಗಂಟೆಗೆ 60 ರೂಪಾಯಿ ಕೂಲಿ ಹಿಡಿದರೆ 960. ಪ್ಯಾಕಿಂಗ್, ಕೊರಿಯರ್‌ಗೆ 120. ತಾಣದ ಶುಲ್ಕ, ಪಾವತಿ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಎಲ್ಲಾ ಸೇರಿ 180. ಒಟ್ಟು 1,760. ಉಳಿಯುವುದು 240 ರೂಪಾಯಿ. 150 ಸ್ಟೋಲಿಗೆ 36,000.

ಮೂರು ಲಕ್ಷ ಎತ್ತಿದಿರಿ, ನಿಮ್ಮ ಸಂಘದ ಕೈಯಲ್ಲಿ ಉಳಿದದ್ದು 36,000. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮುಂಗಡ ಬಂದ ದಿನ ಖಾತೆಯಲ್ಲಿ ಮೂರು ಲಕ್ಷ ಕಾಣುತ್ತದೆ, ಹೊಲಿಗೆ ಯಂತ್ರ ಕೊಳ್ಳುತ್ತಾರೆ, ಶೆಡ್ಡಿಗೆ ತಗಡು ಹಾಕಿಸುತ್ತಾರೆ. ಮೂರನೇ ತಿಂಗಳಿಗೆ ದಾರ ತರಲು ದುಡ್ಡಿಲ್ಲ. ಕೂಲಿಗಂತೂ ಇಲ್ಲವೇ ಇಲ್ಲ. ಕೊನೆಗೆ ಐದೂ ಜನ ಪುಕ್ಕಟೆ ದುಡಿದು ಆರ್ಡರು ಮುಗಿಸುತ್ತಾರೆ, ಆಮೇಲೆ ಸೂಜಿ ಮುಟ್ಟುವ ಮನಸ್ಸೇ ಇರುವುದಿಲ್ಲ. ಕಸೂತಿ ಹೊರಗಿನವರ ನಿರ್ಲಕ್ಷ್ಯದಿಂದ ಮಾತ್ರ ಸೊರಗುತ್ತಿಲ್ಲ, ಇಂಥ ಲೆಕ್ಕ ತಪ್ಪಿದ ಉತ್ಸಾಹದಿಂದಲೂ ಸೊರಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮಗೂ ಒಮ್ಮೆ ಪೆಟ್ಟು ಬಿದ್ದಿದೆ. ನಾನು ಜೊತೆಗಿದ್ದ ಒಂದು ಗುಂಪು 90 ಬಿಳಿ ಸ್ಟೋಲಿಗೆ ಮುಂಗಡ ಪಡೆದಿತ್ತು. ಕೆಂಪು ದಾರ ಮೊದಲಿನ ಅಂಗಡಿಯಲ್ಲಿ ಮುಗಿದಿತ್ತು, ಬೇರೆ ಕಡೆಯಿಂದ ತಂದೆವು. ಒಗೆದು ನೋಡದೆ ಹೊಲಿದೆವು. ಕಳಿಸಿದ ಹದಿನೈದು ದಿನಕ್ಕೆ ಒಂದು ಫೋಟೋ ಬಂತು: ಹೊಲಿದ ತೇರಿನ ಚಿತ್ತಾರದ ಸುತ್ತ ಬಟ್ಟೆಯೆಲ್ಲ ಗುಲಾಬಿ. ಅಂದೇ ಎಲ್ಲರಿಗೂ ಪತ್ರ ಬರೆದೆವು, ಏನಾಯಿತೆಂದು ಮುಚ್ಚಿಡದೆ. ಹೆಚ್ಚಿನವರು ಹೊಸದಕ್ಕೆ ಕಾಯುತ್ತೇವೆ ಎಂದರು. ಕೆಲವರು ಹಣ ಕೇಳಿದರು, ಕೊಟ್ಟೆವು. ಆ ವರ್ಷದ ಉಳಿಕೆಯೆಲ್ಲ ಅದಕ್ಕೇ ಹೋಯಿತು. ಆದರೆ ಕಾದವರಲ್ಲಿ ಬಹಳ ಜನ ಇವತ್ತಿಗೂ ದೀಪಾವಳಿಗೆ ಆರ್ಡರು ಕೊಡುತ್ತಾರೆ. ಅಂದಿನಿಂದ ಪ್ರತಿ ದಾರದ ಲಡಿಯಿಂದ ಒಂದು ಎಳೆ ಬಿಳಿ ಬಟ್ಟೆಗೆ ಹೊಲಿದು, ಬಿಸಿನೀರಿನಲ್ಲಿ ಅದ್ದಿ, ಒಣಗಿಸಿ ನೋಡದೆ ಕೆಲಸ ಶುರುಮಾಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಂಖ್ಯೆಗೆ ಮಿತಿ ಹಾಕಿ. ‘60 ಸ್ಟೋಲ್ ಮಾತ್ರ’ ಎಂದು ಮೊದಲೇ ಬರೆಯಿರಿ, 60 ಆದ ಕೂಡಲೇ ನಿಲ್ಲಿಸಿ. ಅರವತ್ತೊಂದನೆಯವರು ಬೇಸರಪಟ್ಟುಕೊಂಡರೆ ಅವರ ಹೆಸರು ಬರೆದಿಟ್ಟುಕೊಳ್ಳಿ, ಮುಂದಿನ ಸಲ ಮೊದಲು ಅವರಿಗೇ ಹೇಳಿ. ಸೀರೆಯನ್ನು ಪಟ್ಟಿಯಲ್ಲಿ ಇಡಲೇಬೇಡಿ, ಅಥವಾ ಎರಡೇ ಇಡಿ. ಮೈತುಂಬ ಕಸೂತಿಯ ಸೀರೆ ತಿಂಗಳುಗಟ್ಟಲೆ ಕೂರಿಸುತ್ತದೆ.

ಕೈಗೆ ಕಡಿಮೆ ಹೊತ್ತು ಹಿಡಿದು ಹೆಚ್ಚು ಹಣ ತರುವುದನ್ನೂ ಸೇರಿಸಿ. ಒಂದು ಮೂಲೆಯಲ್ಲಿ ಪುಟ್ಟ ತುಳಸಿ ವೃಂದಾವನ ಇರುವ ಕರ್ಚೀಫು 300 ರೂಪಾಯಿಗೆ. ಗವಂತಿ, ಮುರಗಿ, ನೇಗಿ, ಮೆಂತೆ ಈ ನಾಲ್ಕು ಹೊಲಿಗೆಗಳನ್ನೂ ಒಂದು ದಿನ ಕೂತು ಕಲಿಸುವ ತರಗತಿ 1,500ಕ್ಕೆ, ಮಧ್ಯಾಹ್ನದ ಊಟ ನಿಮ್ಮ ಮನೆಯ ಜೋಳದ ರೊಟ್ಟಿ. ಬೆಂಗಳೂರಿನಿಂದ, ಪುಣೆಯಿಂದ ಇದಕ್ಕೆಂದೇ ಬರುವವರಿದ್ದಾರೆ. 60 ಸ್ಟೋಲ್, 100 ಕರ್ಚೀಫು, 20 ಜನರ ತರಗತಿ ಸೇರಿದರೆ 1,80,000 ಆಯಿತು. ಕರ್ಚೀಫಿಗೆ ಒಂದೂವರೆ ಗಂಟೆ ಹಿಡಿದರೂ ಹೊಲಿಗೆಯ ಕೆಲಸ 1,110 ಗಂಟೆ, ಎರಡೂಕಾಲು ತಿಂಗಳು. ಜನರಿಗೆ ನಾಲ್ಕು ತಿಂಗಳೆಂದು ಹೇಳಿ.

ಮೂರು ಲಕ್ಷಕ್ಕೆ ಕಡಿಮೆ ಬಿದ್ದದ್ದನ್ನು ಮುಂಗಡದಿಂದಲೇ ಎಳೆಯಬೇಡಿ. ಅಡವಿಡಲು ಏನೂ ಇಲ್ಲ ಎಂದಿರಿ, ಮುದ್ರಾ ಯೋಜನೆಯ ಶಿಶು ಸಾಲಕ್ಕೆ ಅಡಮಾನ ಬೇಕಿಲ್ಲ, 50,000ದವರೆಗೆ ಕೇಳಬಹುದು. ಯಂತ್ರ, ತಗಡಿನಂಥ ಬಹುಕಾಲ ಬಾಳುವ ಖರ್ಚಿಗೆ ಅಂಥ ಸಾಲವೇ ಸರಿ, ಮುಂಗಡದ ಹಣ ದಾರಕ್ಕೆ ಮತ್ತು ಕೂಲಿಗೆ ಮೀಸಲು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಎಂಬ ಕೇಂದ್ರದ ಕುಶಲಕರ್ಮಿ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸ ಇದೆ, ಕಸೂತಿ ಎಂದು ಪ್ರತ್ಯೇಕವಾಗಿ ಇಲ್ಲ. ಕೇಂದ್ರದ ಕರಕುಶಲ ಇಲಾಖೆಯ ಕುಶಲಕರ್ಮಿ ಗುರುತಿನ ಚೀಟಿ ಐವರೂ ಮಾಡಿಸಿಕೊಂಡಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಎಲ್ಲಿ ಎತ್ತುವುದು ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಎಲ್ಲರ ಬಾಯಲ್ಲಿರುವ ಕಿಕ್‌ಸ್ಟಾರ್ಟರ್ 2009ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಗುರಿ ಮುಟ್ಟಿದರೆ ಪೂರ್ತಿ ಹಣ, ಮುಟ್ಟದಿದ್ದರೆ ಒಂದು ಪೈಸೆಯೂ ಇಲ್ಲ ಎನ್ನುವುದು ಅದರ ನಿಯಮ. ಭಾರತದಲ್ಲಿರುವವರು ಅಲ್ಲಿ ನೇರವಾಗಿ ಯೋಜನೆ ತೆರೆಯಲು ಬರುವುದಿಲ್ಲ. ಅಮೆರಿಕದಲ್ಲಿರುವ ಅಕ್ಕನ ಮಗಳು ತನ್ನ ಹೆಸರಿನಲ್ಲಿ ತೆರೆಯಬಹುದು, ಆಗ ಅಲ್ಲಿನ ತೆರಿಗೆ, ಅಲ್ಲಿನ ಜವಾಬ್ದಾರಿ ಎಲ್ಲಾ ಅವಳ ತಲೆಗೆ. ಹೊರದೇಶದ ಕನ್ನಡಿಗರು ನೇರವಾಗಿ ಕೊಂಡರೆ ಅದು ಸಾಮಾನಿನ ಬೆಲೆ, ರಸೀದಿ ಕೊಟ್ಟು ಬ್ಯಾಂಕಿನ ಮೂಲಕವೇ ಪಡೆಯಿರಿ. ವಿದೇಶಿ ಪಾಸ್‌ಪೋರ್ಟ್ ಇರುವವರಿಂದ ನಿಮ್ಮ ಸಂಘಕ್ಕೆ ದಾನವೆಂದು ಪಡೆದರೆ ಅದು ವಿದೇಶಿ ದೇಣಿಗೆ ಕಾಯ್ದೆಯ ಅಡಿಗೆ ಬರುತ್ತದೆ, ಅದರ ದಾರಿಯೇ ಬೇರೆ.

1,80,000ಕ್ಕೆ ದೊಡ್ಡ ತಾಣವೇ ಬೇಕೆಂದು ನನಗೆ ಅನಿಸುವುದಿಲ್ಲ. ಸಂಘದ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ, ಒಂದು ಯುಪಿಐ ಕ್ಯೂಆರ್, ಒಂದು ಅರ್ಜಿ ನಮೂನೆ, ಒಂದು ದಪ್ಪ ರಿಜಿಸ್ಟರ್ ಸಾಕು. ರಿಜಿಸ್ಟರಿನಲ್ಲಿ ಯಾರು, ಎಷ್ಟು, ಯಾವ ತಾರೀಖು, ಏನು ಬೇಕು, ಯಾವಾಗ ಕಳಿಸಿದ್ದು ಎಂದು ಐದು ಅಂಕಣ. ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರ ಶ್ರದ್ಧೆಯಿಂದ ಬರೆದಿಡಿ. ಈ ಹಣ ವ್ಯಾಪಾರದ ಆದಾಯ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ ವಹಿವಾಟು 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವಾಗ ಕರಕುಶಲ ವಸ್ತುಗಳಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ, ಅದನ್ನು ಒಮ್ಮೆ ತೆರಿಗೆ ಸಲಹೆಗಾರರ ಎದುರು ಕೂತು ಕೇಳಿಕೊಳ್ಳಿ.

ಜನರಿಗೆ ತೋರಿಸುವ ಫೋಟೋದ ಬಗ್ಗೆ ಒಂದು ಮಾತು. ಎಲ್ಲರೂ ಮುಂಭಾಗ ತೆಗೆಯುತ್ತಾರೆ. ನೀವು ಬಟ್ಟೆಯನ್ನು ತಿರುವಿ ಹಿಂಭಾಗ ತೆಗೆಯಿರಿ. ಗವಂತಿ, ಮುರಗಿ ಎರಡೂ ಕಡೆ ಒಂದೇ ಥರ ಕಾಣುತ್ತವೆ. ಯಂತ್ರದ ಕಸೂತಿಯ ಹಿಂದೆ ದಾರದ ಗೋಜಲು, ಕಾಗದದಂಥ ಅಸ್ತರು ಇರುತ್ತದೆ. ಇದು ಭೌಗೋಳಿಕ ಸೂಚಕ (ಈ ಸೀಮೆಯದೇ ಕಲೆ ಎಂಬ ಸರ್ಕಾರಿ ಗುರುತು) ಪಡೆದ ಕಲೆ ಎಂದು ಬರೆಯುವುದಕ್ಕಿಂತ ಆ ಹಿಂಭಾಗದ ಒಂದು ಫೋಟೋ ಹೆಚ್ಚು ಹೇಳುತ್ತದೆ. ಪಕ್ಕದಲ್ಲಿ ಹೊಲಿದವರ ಹೆಸರು, ಹಿಡಿದ ಗಂಟೆ ಬರೆಯಿರಿ. 2,000 ರೂಪಾಯಿ ಯಾಕೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ನಾನು ಹಾಕಿದ 16 ಗಂಟೆ ಬರೀ ಲೆಕ್ಕಕ್ಕೆ ಹಿಡಿದದ್ದು. ನಿಮ್ಮ ಗಂಟೆ ನಿಮಗೇ ಗೊತ್ತಾಗಬೇಕು. ಐವರೂ ಒಂದೊಂದು ಸ್ಟೋಲ್ ಹಿಡಿದು, ಕೂತ ಹೊತ್ತು, ಎದ್ದ ಹೊತ್ತು, ಬಿಚ್ಚಿ ಮತ್ತೆ ಹೊಲಿದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅತಿ ವೇಗದವರ ಗಂಟೆ ಹಿಡಿಯಬೇಡಿ, ಅತಿ ನಿಧಾನದವರದ್ದು ಹಿಡಿಯಿರಿ. ಆ ಹಾಳೆ ಕಳಿಸಿದರೆ ಎಷ್ಟು ಸ್ಟೋಲಿಗೆ, ಯಾವ ಬೆಲೆಗೆ, ಯಾವ ತಾರೀಖಿಗೆ ಮಾತು ಕೊಡಬಹುದು ಎಂದು ಕೂತು ಲೆಕ್ಕ ಹಾಕೋಣ.